ಬೀಗರಿಬ್ಬರ ವಿಮಾನದ ವಾದ

ನಮ್ಮೂರಿನಲ್ಲಿ ಯಾರೂ ‘ಆಮೇಲೆ ಮಾತಾಡೋಣ’ ಅನ್ನುವುದಿಲ್ಲ. ವಾದವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದವರಿಗೆ ಅವರವರ ಮನೆಯ ಬಾಗಿಲು ತೆರೆಯುವುದಿಲ್ಲ, ಅಷ್ಟೆ. ಚಿಲಕ ತೆಗೆಯಬಹುದು, ಒಳಗಿನವರು ಎಳೆಯಬಹುದು, ಹೊರಗಿನವರು ಹೆಗಲು ಕೊಟ್ಟು ನೂಕಬಹುದು. ವಾದ ಬಾಕಿ ಇಟ್ಟವನು ಹೊಸ್ತಿಲ ಮುಂದೆ ನಿಂತಿರುವಷ್ಟು ಹೊತ್ತು ಬಾಗಿಲು ಗೋಡೆಯ ಹಾಗೆ ಬಿಗಿದುಕೊಂಡಿರುತ್ತದೆ. ಅವನು ಪಕ್ಕಕ್ಕೆ ಸರಿದರೆ ಎಳೆಮಗುವಿನ ಕೈಗೂ ತೆರೆದುಕೊಳ್ಳುತ್ತದೆ. ಕಿಟಕಿಯಿಂದ ನುಗ್ಗಲು ಹೋದವರಿದ್ದಾರೆ, ಹೆಂಚು ತೆಗೆದು ಇಳಿಯಲು ಹೋದವರಿದ್ದಾರೆ. ಕಿಟಕಿಯೂ ಹೆಂಚೂ ಬಾಗಿಲಿನ ಕಡೆಯವೇ.

ಹಾಗಾಗಿ ನಮ್ಮ ಕಡೆ ಮನೆಗಳ ಜಗಲಿ ಅಗಲ. ಹೊರಗುಳಿದವರಿಗೆಂದು ಅಲ್ಲೊಂದು ಕಂಬಳಿ, ಒಂದು ಚೊಂಬು ನೀರು ಯಾವಾಗಲೂ ಇರುತ್ತದೆ. ಹೋಟೆಲಿನಲ್ಲಿ ಇಬ್ಬರು ಮಾತಿಗೆ ಮಾತು ಬೆಳೆಸಿದರೆ ಮಾಣಿ ಬಿಲ್ಲು ತರುವುದನ್ನು ನಿಲ್ಲಿಸಿ ಇನ್ನೆರಡು ಕಾಫಿ ತಂದಿಡುತ್ತಾನೆ. ಹೊರಗಿನಿಂದ ಸೊಸೆಯಾಗಿ ಬಂದವಳಿಗೆ ಅತ್ತೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ‘ಹೌದು ಬಿಡಿ’ ಅನ್ನುವ ಮಾತನ್ನು. ವಾದ ಹುಟ್ಟುವ ಮೊದಲೇ ಅದನ್ನು ಅಂದುಬಿಟ್ಟರೆ ಯಾವ ತೊಂದರೆಯೂ ಇಲ್ಲ. ಹುಟ್ಟಿದ ಮೇಲೆ ಮಾತ್ರ ಸುಳ್ಳು ಒಪ್ಪಿಗೆ ನಡೆಯುವುದಿಲ್ಲ, ಬಾಗಿಲಿಗೆ ಅದು ಗೊತ್ತಾಗುತ್ತದೆ. ಹೀಗಾಗಿ ನಮ್ಮ ಜನ ಬಹಳ ಮೃದು. ಹೊರಗಿನಿಂದ ಬಂದವರು ಮೆಚ್ಚಿಕೊಂಡು ಹೋಗುತ್ತಾರೆ.

ನಾನು ಚಂದ್ರಮೌಳಿ. ಪೇಟೆ ಬೀದಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಮೂಗಿನ ಮೇಲೆ ಕನ್ನಡಕ ಇಟ್ಟು ‘ಕಾಣುತ್ತಾ?’ ಅಂತ ಕೇಳಿದರೆ ನಮ್ಮೂರಲ್ಲಿ ಹತ್ತಕ್ಕೆ ಒಂಬತ್ತು ಜನ ‘ಹೌದು ಬಿಡಿ’ ಅನ್ನುತ್ತಾರೆ. ಆಮೇಲೆ ಹೊರಗೆ ಹೋಗಿ ಮೆಟ್ಟಿಲು ಎಡವುತ್ತಾರೆ. ನನ್ನ ಮಗಳು ನೀಲಾಳನ್ನು ಅದೇ ಊರಿನ ಇಂದುಧರ ಅವರ ಮಗ ಪ್ರಭುದೇವನಿಗೆ ಕೊಟ್ಟಿದ್ದೇವೆ. ಇಂದುಧರ ಅವರಿಗೆ ಕೆರೆಯ ಹಿಂಭಾಗದಲ್ಲಿ ಸಸಿಗಳ ನರ್ಸರಿ ಇದೆ. ಗುಲಾಬಿ, ದಾಸವಾಳ, ಕಸಿ ಮಾಡಿದ ಮಾವು, ಕುಂಡದ ಕ್ರೋಟನ್ನು. ಎತ್ತರದ ಆಳು, ಬೆರಳ ಸಂದಿಯಲ್ಲಿ ಸದಾ ಕೆಮ್ಮಣ್ಣು. ಅವರಿಗೆ ಸಣ್ಣಂದಿನಿಂದ ಮಾತು ಉಗ್ಗುತ್ತದೆ. ಅದರಲ್ಲೂ, ನಾಲಿಗೆಗೆ ರೂಢಿಯಾದ ‘ಬೀಗರೇ’ ಒಂದನ್ನು ಬಿಟ್ಟು, ಪಕಾರ, ಬಕಾರ ಬಂದರೆ ತುಟಿ ಕೂಡಿಕೊಂಡು ಬಿಡಿಸಿಕೊಳ್ಳಲಾರದೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರಿಗೆ ಕಷ್ಟವಾಗಬಾರದೆಂದು ನಾನು ಆ ಮಾತನ್ನು ಪೂರ್ತಿ ಮಾಡುತ್ತಿದ್ದೆ. ಅವರು ‘ಪ... ಪ...’ ಎನ್ನುವಷ್ಟರಲ್ಲಿ ನಾನು ‘ಪೇಪರು ಬೇಕಾ?’ ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಬೀಗರೆಂದರೆ ಹೀಗಿರಬೇಕು ಎಂದು ಬೀದಿಯವರು ಹೇಳುತ್ತಿದ್ದರು.

ಮಕ್ಕಳ ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರಿಗೂ ಮಾತಾಡಲು ವಿಷಯವಿರಲಿಲ್ಲ. ಅವರಿಗೆ ಗಿಡ, ನನಗೆ ಗಾಜು. ಹಬ್ಬಕ್ಕೆ ಬಂದರೆ ಎದುರುಬದುರು ಕೂತು ಕೋಸಂಬರಿ ತಿಂದು ಏಳುತ್ತಿದ್ದೆವು. ಅದನ್ನು ನೋಡಲಾರದೆ ಅಳಿಯ ಒಂದು ದಿನ ತನ್ನ ಹಳೆಯ ಕಂಪ್ಯೂಟರನ್ನು ತಂದು ನನ್ನ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ, ಕಣ್ಣು ಪರೀಕ್ಷೆ ಮಾಡುವ ಅಕ್ಷರದ ಫಲಕದ ಕೆಳಗೆ, ಜೋಡಿಸಿದ. ಅದರಲ್ಲಿ ವಿಮಾನ ಹಾರಿಸುವ ಆಟ. ಆಟವೆಂದರೆ ಮಕ್ಕಳ ಆಟವಲ್ಲ. ಪೈಲಟ್ ಮುಂದೆ ಇರುವ ಮುಳ್ಳುಗಳೆಲ್ಲ ಪರದೆಯ ಮೇಲಿದ್ದವು, ಹಿಡಿಯಲು ಒಂದು ಕೋಲು ಇತ್ತು, ಗಾಳಿ ಬೀಸಿದರೆ ಮೂಗು ಪಕ್ಕಕ್ಕೆ ತಿರುಗುತ್ತಿತ್ತು. ನಾವಿಬ್ಬರೂ ನಿಜವಾದ ವಿಮಾನವನ್ನು ಕೆಳಗಿನಿಂದ ನೋಡಿದ್ದೆವಷ್ಟೆ. ಮೊದಲ ತಿಂಗಳು ಏರಿದ್ದೇ ಕಡಿಮೆ, ಗದ್ದೆಗೆ ನುಗ್ಗಿದ್ದೇ ಹೆಚ್ಚು. ಆದರೆ ಇಂದುಧರ ಅವರು ಮೊದಲ ಸಲ ಚಕ್ರವನ್ನು ನೆಲಕ್ಕೆ ಮೆತ್ತಗೆ ತಾಗಿಸಿದ ದಿನ ಇಬ್ಬರೂ ಎದ್ದು ನಿಂತು ಕೈಕುಲುಕಿದೆವು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅವರು ಬರುವುದು, ನನ್ನ ಹೆಂಡತಿ ಮಂಗಳ ಫ್ಲಾಸ್ಕಿನಲ್ಲಿ ಟೀ ಕಳಿಸುವುದು, ನಾವು ಹಾರುವುದು ವಾಡಿಕೆಯಾಯಿತು.

ಆಕಾಶದಲ್ಲಿ ಒಬ್ಬರೇ ಹಾರುವುದು ಬೇಜಾರೆಂದು ಅಳಿಯ ಒಂದು ಜೋಡಣೆಯನ್ನು ಹಾಕಿಕೊಟ್ಟ. ಆಟದ ಜೊತೆಗೆ ಸೇರಿಸಿಕೊಳ್ಳುವ ಇನ್ನೊಂದು ಪ್ರೋಗ್ರಾಂ ಅದು. ವಿಮಾನ ನಿಲ್ದಾಣದ ಟವರಿನಲ್ಲಿ ಕೂತವರು ಪೈಲಟ್‌ಗೆ ಯಾವಾಗ ಏರಬೇಕು, ಯಾವ ಕಡೆ ತಿರುಗಬೇಕು, ಯಾವಾಗ ಇಳಿಯಬೇಕು ಎಂದು ಹೇಳುತ್ತಾರಲ್ಲ, ಆ ದನಿ. ಅದಕ್ಕೊಂದು ಉದ್ದನೆಯ ಹೆಸರಿತ್ತು, ನಾವು ಮೇಷ್ಟ್ರು ಎಂದು ಕರೆದೆವು. ಮೇಷ್ಟ್ರದು ಒಣ ಗಂಟಲು. ಒಂದೊಂದು ಪದವನ್ನೂ ಬೇರೆ ಬೇರೆ ದಿನ ಹೇಳಿಸಿ ಅಂಟಿಸಿದ ಹಾಗೆ, ‘ಎರಡು’ ಮೇಲಿನ ಸ್ವರದಲ್ಲಿದ್ದರೆ ‘ಸೊನ್ನೆ’ ಕೆಳಗಿನ ಸ್ವರದಲ್ಲಿ. ಹೇಳಿದ್ದನ್ನು ನಾವು ಮೈಕಿನಲ್ಲಿ ಹಾಗೇ ತಿರುಗಿ ಒಪ್ಪಿಸಬೇಕು. ಒಂದು ಪದ ಆಚೀಚೆಯಾದರೆ ‘ಪುನಃ ಹೇಳಿ’. ತಡವಾದರೂ ‘ಪುನಃ ಹೇಳಿ’. ಅಡ್ಡದಾರಿಯಲ್ಲಿ ಇಳಿಯಲು ಹೋದರೆ ‘ಇಲ್ಲ. ಇನ್ನೊಂದು ಸುತ್ತು ಹಾಕಿ ಬನ್ನಿ’. ನನಗೆ ಅದು ಬಹಳ ಹಿಡಿಸಿತು.

ಮಳೆಗಾಲದ ಒಂದು ಭಾನುವಾರ ಇಂದುಧರ ಅವರ ವಿಮಾನದ ಎಂಜಿನ್ನು ಕೆರೆಯೊಂದರ ಮೇಲೆ ನಿಂತುಹೋಯಿತು. ಅವರು ಮೈಕು ಹಿಡಿದು ಹೇಳಲು ಹೊರಟರು. ತುಟಿ ಕೂಡಿಕೊಂಡಿತು. ‘ಪುನಃ ಹೇಳಿ’ ಎಂದರು ಮೇಷ್ಟ್ರು. ಮತ್ತೆ ಹೊರಟರು. ‘ಪುನಃ ಹೇಳಿ.’ ನಾನು ಪಕ್ಕದಿಂದ ಮೈಕಿಗೆ ಬಾಗಿ ಅವರ ಪರವಾಗಿ ಹೇಳುವಷ್ಟರಲ್ಲಿ ವಿಮಾನ ಕೆರೆಗೆ ಬಿದ್ದು ಪರದೆ ನೀಲಿಯಾಯಿತು. ಅವರು ನಕ್ಕರು. ಮುಂದಿನ ಭಾನುವಾರ ಬಂದಾಗ ಜೇಬಿನ ಪೆನ್‌ಡ್ರೈವಿನಲ್ಲಿ ಬೇರೆ ಜೋಡಣೆ ತಂದಿದ್ದರು.

ಅದು ಹೊಸ ಕಾಲದ್ದು. ಹೆಂಗಸಿನ ದನಿ, ಆಡುಗನ್ನಡವೂ ಬರುತ್ತಿತ್ತು. ಹೀಗೇ ಹೇಳಬೇಕೆಂದಿಲ್ಲ, ನಮಗೆ ತೋಚಿದ ಹಾಗೆ ಹೇಳಿದರೆ ಅರ್ಥ ಮಾಡಿಕೊಂಡು ಉತ್ತರಿಸುತ್ತಿತ್ತು. ಅದಕ್ಕೆ ಅಕ್ಕ ಎಂದು ಹೆಸರಿಟ್ಟೆವು. ಅಕ್ಕ ಗಾಳಿ ಹೇಗಿದೆ ಎಂದು ಹೇಳುವುದಲ್ಲದೆ, ‘ನಿಧಾನ, ಅವಸರವಿಲ್ಲ’ ಎಂದೂ ಹೇಳುತ್ತಿದ್ದಳು. ಇಂದುಧರ ಅವರ ಮುಖ ಅರಳಿತು. ನನ್ನ ಸರದಿ ಬಂದಾಗ ಪರೀಕ್ಷೆ ಮಾಡೋಣವೆಂದು ನಾನು ಕೇಳಿದೆ: ‘ಅಕ್ಕ, ರನ್‌ವೇ ದೂರ ಇದೆ, ಹೆದ್ದಾರಿ ಮೇಲೆ ಇಳಿಸಿಬಿಡ್ಲಾ?’

‘ಒಳ್ಳೆಯ ಯೋಚನೆ,’ ಎಂದಳು ಅಕ್ಕ. ‘ಹೆದ್ದಾರಿಯ ಮೇಲೆ ಇಳಿಯಲು ಅನುಮತಿ ಇದೆ.’

‘ನೋಡಿದ್ರಾ ಬೀಗರೇ!’ ಎಂದೆ ನಾನು. ‘ಇವಳು ಟವರಲ್ಲ, ನಮ್ಮೂರಿನವಳು. ಏನು ಕೇಳಿದ್ರೂ ಹೌದು ಬಿಡಿ ಅಂತಾಳೆ. ನಾಳೆ ಎರಡು ವಿಮಾನಾನ ಒಂದೇ ರನ್‌ವೇಗೆ ಕರೀತಾಳೆ.’

‘ಆದ್ರೆ ಅವಳು ಕೇಳಿಸ್ಕೋತಾಳೆ ಬೀಗರೇ. ಮೇಷ್ಟ್ರು ಕೇಳಿಸ್ಕೊಳಲ್ಲ. ಎಂಜಿನ್ ಹೋದಾಗ ಪು... ಪು...’

‘ಪುನಃ ಹೇಳಿ ಅಂತಾರೆ, ಗೊತ್ತು. ಅದು ಶಿಸ್ತು. ನಿಜವಾದ ಟವರಲ್ಲಿ ಹರಟೆ ಹೊಡೀತಾ ಕೂರ್ತಾರಾ? ಮಾತು ಅಳತೆಗೆ ಸರಿಯಾಗಿರಬೇಕು.’

‘ಅಳತೆ ಸರಿ. ಆದ್ರೆ ಮೇಷ್ಟ್ರು ಇಳಿಯೋಕೆ ತಡವಾಗಿ ಹೇಳ್ತಾರಲ್ವಾ? ರನ್‌ವೇ ಕಣ್ಣೆದುರಿಗೇ ಇದ್ರೂ ಮೇಲೇ ಇಟ್ಟಿರ್ತಾರೆ. ಆಮೇಲೆ ಕಲ್ಲು ಉರುಳಿದಂಗೆ ಇಳೀಬೇಕು. ಅಕ್ಕ ಮೊದಲೇ...’

‘ಅಕ್ಕ ಮೊದಲೇ ಇಳಿಸಿ ಗುಡ್ಡಕ್ಕೆ ತಗಲಿಸ್ತಾಳೆ!’

ಹೀಗೆ ನಡೆಯಿತು. ಇಬ್ಬರೂ ದನಿ ಎತ್ತಲಿಲ್ಲ, ಮಾತಿಗೊಮ್ಮೆ ‘ಬೀಗರೇ’ ಅನ್ನುವುದನ್ನು ಬಿಡಲಿಲ್ಲ. ನನಗೆ ಮೈಯೆಲ್ಲ ಬೆಚ್ಚಗಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹೀಗೆ ಎದುರು ನಿಂತದ್ದು ನೆನಪಿಲ್ಲ. ಅಷ್ಟರಲ್ಲಿ ಅಂಗಡಿಯ ಮುಂದೆ ಗಿರಾಕಿಯೊಬ್ಬಳು ಬಂದು ಕೂಗಿದಳು. ನಾನು ಎದ್ದು, ಯಾವ ಗ್ಯಾನದಲ್ಲಿದ್ದೆನೋ, ‘ಆಮೇಲೆ ಮಾತಾಡೋಣ ಬೀಗರೇ’ ಎಂದುಬಿಟ್ಟೆ. ಅವರೂ ಛತ್ರಿ ತೆಗೆದುಕೊಂಡು ನರ್ಸರಿಗೆ ನಡೆದರು.

ಸಂಜೆ ಮನೆಯ ಬಾಗಿಲು ತೆರೆಯಲಿಲ್ಲ.

ಒಳಗೆ ಮಂಗಳ ಎಳೆದಳು. ಬಾಣಂತಿ ನೀಲಾ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದಳು. ಹೇಳಲು ಮರೆತೆ, ನೀಲಾಳಿಗೆ ಹೆಣ್ಣುಮಗು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಚೊಚ್ಚಲು, ಬಾಣಂತನ ನಮ್ಮ ಮನೆಯಲ್ಲೇ. ಬರುವ ಭಾನುವಾರ ತೊಟ್ಟಿಲ ಶಾಸ್ತ್ರ.

‘ಯಾರ ಜೊತೆ ರೀ?’ ಎಂದಳು ಮಂಗಳ ಒಳಗಿನಿಂದ.

‘ಬೀಗರ ಜೊತೆ.’

‘ಅಯ್ಯೋ ದೇವರೇ! ಏನು, ಬಾಣಂತನದ ವಿಷಯಾನಾ? ಕೊಟ್ಟಿದ್ದು ತಗೊಂಡಿದ್ದರ ವಿಷಯಾನಾ?’

‘ಅಲ್ಲ ಕಣೆ. ವಿಮಾನ ಇಳಿಸೋಕೆ ಹೇಳೋ ದನಿ ಯಾವುದು ಚೆನ್ನಾಗಿದೆ ಅಂತ.’

ನೀಲಾ ನಗತೊಡಗಿದಳು, ಹೊಲಿಗೆ ನೋಯುತ್ತದೆ ನಗಿಸಬೇಡಿ ಎನ್ನುತ್ತಲೇ ನಕ್ಕಳು. ಮಂಗಳ ನಗಲಿಲ್ಲ. ಅಷ್ಟರಲ್ಲಿ ಅಳಿಯ ಬಂದು, ತನ್ನ ಅಪ್ಪನೂ ಆ ಕಡೆ ಜಗಲಿಯ ಮೇಲೆ ಕೂತಿದ್ದಾರೆ ಎಂದ. ಬೀದಿಗೆ ಬೀದಿಯೇ ಗೊತ್ತಾಯಿತು. ಬೀಗರಿಬ್ಬರಿಗೂ ಬೀಗ ಬಿದ್ದಿದೆ ಎಂದು ಜನ ಆಡಿಕೊಂಡು ನಕ್ಕರು.

ಶಾಸ್ತ್ರದ ಸಂಗತಿ ಮಾತ್ರ ನಗುವಂಥದ್ದಾಗಿರಲಿಲ್ಲ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವವನು ತಾಯಿಯ ತಂದೆ, ಹೆಸರನ್ನು ಮೊದಲು ಕರೆಯುವವನು ತಂದೆಯ ತಂದೆ. ಕಿವಿಯಲ್ಲಿ ಪಿಸುಗುಟ್ಟುವುದಲ್ಲ, ಕೂಡಿದವರಿಗೆಲ್ಲ ಕೇಳುವ ಹಾಗೆ ದೊಡ್ಡದಾಗಿ. ಒಬ್ಬರಿಗೊಬ್ಬರು ಬಾಕಿ ಇರುವ ಇಬ್ಬರು ಒಂದೇ ಶುಭಕಾರ್ಯದ ಹೊಸ್ತಿಲು ದಾಟುವಂತಿಲ್ಲ, ಅದು ಯಾರ ಮನೆಯದ್ದೇ ಆಗಿರಲಿ. ಹೊರಗೆ ಬೀದಿಯಲ್ಲಿ ತೊಟ್ಟಿಲು ಕಟ್ಟಿ ಹೆಸರಿಟ್ಟರೆ ಆ ಮಗುವಿಗೆ ಯಾವ ಮನೆಯೂ ತನ್ನದಾಗುವುದಿಲ್ಲ ಎನ್ನುತ್ತಾರೆ ಹಿರಿಯರು. ನಿಜವೋ ಸುಳ್ಳೋ, ಪರೀಕ್ಷೆ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಬೆಳಗಾದ ಕೂಡಲೇ ನರ್ಸರಿಗೆ ಓಡಿದೆ. ಇಂದುಧರ ಅವರು ಗುಲಾಬಿ ಕಡ್ಡಿಗಳನ್ನು ನೆಡುತ್ತಿದ್ದರು.

‘ಬೀಗರೇ, ನೀವು ಹೇಳಿದ್ದೇ ಸರಿ. ಅಕ್ಕಾನೇ ವಾಸಿ.’

ಅವರು ಕೈಯ ಮಣ್ಣು ಒರೆಸಿಕೊಂಡರು. ‘ಇಲ್ಲ ಬೀಗರೇ, ಮೇಷ್ಟ್ರೇ ವಾಸಿ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರ ಮಾತಿನಲ್ಲೂ ಕಾಳಿರಲಿಲ್ಲ. ಆದರೂ ಆಸೆ ಬಿಡದೆ ಮನೆಗೆ ಹೋಗಿ ನೂಕಿ ನೋಡಿದೆ. ಬಾಗಿಲು ಅಲುಗಲಿಲ್ಲ.

ವಾದವನ್ನು ಮುಗಿಸಬೇಕಾದರೆ ಎರಡನ್ನೂ ತೂಗಿ ನೋಡುವುದೊಂದೇ ದಾರಿ ಎಂದು ಅಳಿಯ ಹೇಳಿದ. ಸರಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಏರ್ಪಾಡಾಯಿತು. ನಮ್ಮೂರಿನಲ್ಲಿ ಇಷ್ಟು ದೊಡ್ಡ ವಾದ ಕಂಡು ಬಹಳ ಕಾಲವಾಗಿತ್ತು. ನೋಡಲು ಬಂದವರು ಕೋಣೆಯಲ್ಲಿ ಹಿಡಿಸದೆ ಅಂಗಡಿಯಲ್ಲಿ, ಅಲ್ಲೂ ಹಿಡಿಸದೆ ರಸ್ತೆಯಲ್ಲಿ ನಿಂತರು. ನಾನು ಅಕ್ಕನ ಮಾತು ಕೇಳಿ ಹಾರಬೇಕು, ಇಂದುಧರ ಅವರು ಮೇಷ್ಟ್ರ ಮಾತು ಕೇಳಿ ಹಾರಬೇಕು ಎಂದು ಕರಾರಾಯಿತು. ಎದುರಾಳಿಯ ಗುಣ ತಿಳಿಯಲಿ ಎಂದು.

ನನ್ನ ವಿಮಾನಕ್ಕೆ ಅಳಿಯ ಮಂಜು ಕವಿಸಿಬಿಟ್ಟಿದ್ದ. ಏನೂ ಕಾಣದು. ಅಕ್ಕ ಮೃದುವಾಗಿ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ನಾನು ಹೆದರಿದ್ದು ದನಿಯಲ್ಲೇ ತಿಳಿದವಳಂತೆ ‘ಚೆನ್ನಾಗಿ ಹಾರಿಸುತ್ತಿದ್ದೀರಿ’ ಎಂದಳು. ಅದನ್ನು ಕೇಳಿ ನನಗೂ ಒಂದು ಕ್ಷಣ ಹಿತವಾಯಿತು. ಮಂಜು ಸರಿದಾಗ ಎದುರಿಗೆ ಬೆಟ್ಟ. ನೋಡುತ್ತಿದ್ದವರೆಲ್ಲ ‘ಹೋ’ ಎಂದರು. ಆಮೇಲೆ ಇಂದುಧರ ಅವರ ಸರದಿ. ಅವರು ಚೆನ್ನಾಗಿಯೇ ಏರಿದರು, ತಿರುಗಿದರು, ರನ್‌ವೇಯ ನೇರಕ್ಕೆ ಬಂದರು. ಇನ್ನು ಮೇಷ್ಟ್ರು ಹೇಳಿದ್ದನ್ನು ತಿರುಗಿ ಒಪ್ಪಿಸಿದರೆ ಇಳಿಯಬಹುದು. ಅದರಲ್ಲಿ ಬಕಾರವಿತ್ತು. ಇಷ್ಟು ಜನರ ಮುಂದೆ ಅವರ ತುಟಿ ಕೂಡಿಕೊಂಡಿತು, ಕಣ್ಣು ಮುಚ್ಚಿತು. ‘ಪುನಃ ಹೇಳಿ.’ ಗುಂಪಿನಲ್ಲಿ ಯಾರೋ ಕೆಮ್ಮಿದರು. ನಾನು ತಡೆಯಲಾರದೆ ಮೈಕಿಗೆ ಬಾಗಿ ಆ ಮಾತನ್ನು ಹೇಳಿಬಿಟ್ಟೆ. ಮೇಷ್ಟ್ರು ಒಪ್ಪಿಕೊಂಡರು. ವಿಮಾನ ಹೂವಿನ ಹಾಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು.

ಇಂದುಧರ ಅವರು ಎದ್ದು, ಯಾರ ಕಡೆಗೂ ನೋಡದೆ, ಹೊರಗೆ ಹೋದರು.

ಅವತ್ತಿನಿಂದ ಅವರು ಅಂಗಡಿಯ ಕಡೆ ಸುಳಿಯಲಿಲ್ಲ. ನಾನು ಕಳಿಸಿದ ಮಾತಿಗೂ ಉತ್ತರವಿಲ್ಲ. ನನಗೆ ಕೋಪ ಬಂತು, ಆಮೇಲೆ ಭಯವಾಯಿತು. ಶಾಸ್ತ್ರ ಹತ್ತಿರ ಬಂದಿತ್ತು. ಮನೆಯೊಳಗೆ ತೋರಣಕ್ಕೆ ಮಾವಿನೆಲೆ ಪೋಣಿಸುತ್ತಿದ್ದರು. ನಾನು ಕಿಟಕಿಯ ಆಚೆ ನಿಂತು, ಎಲೆ ಸಾಲದೇ ಹೋದರೆ ತರಲಾ ಎಂದು ಕೇಳುತ್ತಿದ್ದೆ. ಮೊಮ್ಮಗಳನ್ನು ಕಂಬಿಗಳ ನಡುವಿನಿಂದ ತೋರಿಸುತ್ತಿದ್ದರು. ಅವಳ ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟಿತ್ತು. ಮುಟ್ಟಲು ಕೈ ನೀಡಿದರೆ ಕಿಟಕಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಶನಿವಾರ ಬೆಳಿಗ್ಗೆ ನೀಲಾ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಶಾಲು ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡು ಹೊರಗೇ ಬಂದುಬಿಟ್ಟಳು. ಬಾಣಂತಿ ಗಾಳಿಗೆ ಹೋಗಬಾರದೆಂದು ಮಂಗಳ ಬಡಿದುಕೊಂಡಳು. ‘ಅಮ್ಮ, ಮಾವನ ನರ್ಸರಿ ತನಕ ಅಷ್ಟೇ’ ಎಂದು ನನ್ನನ್ನು ಹಿಂದಿಟ್ಟುಕೊಂಡು ನಡೆದಳು.

ನರ್ಸರಿಯ ಹಸಿರು ಬಲೆಯ ಕೆಳಗೆ ಇಂದುಧರ ಅವರು ಸುಮ್ಮನೆ ಕೂತಿದ್ದರು. ಸೊಸೆಯನ್ನು ಕಂಡು ಗಾಬರಿಯಿಂದ ಎದ್ದು, ತಾವು ಕೂತಿದ್ದ ಸ್ಟೂಲನ್ನು ಒರೆಸಿ ಕೊಟ್ಟರು. ನೀಲಾ ಕೂತಳು.

‘ಮಾವ, ನಾಳೆ ನೀವು ಬರಬೇಕು.’

‘ಹೆಂಗಮ್ಮಾ... ವಾದ ಬಾ... ಬಾ...’

‘ಬಾಕಿ ಇದೆ, ಅದನ್ನೇ ಮುಗಿಸೋಣ ಅಂತ ಬಂದಿದ್ದೀವಿ,’ ಎಂದೆ ನಾನು.

ನೀಲಾ ನನ್ನ ಕಡೆ ತಿರುಗಿದಳು. ಅವಳು ಚಿಕ್ಕವಳಿದ್ದಾಗಲೂ ನನ್ನನ್ನು ಹಾಗೆ ನೋಡಿದ್ದಿಲ್ಲ. ‘ಅಪ್ಪಾ, ಈ ವಾದ ಯಾಕೆ ಮುಗೀತಿಲ್ಲ ಗೊತ್ತಾ ನಿಮಗೆ? ಮಾವ ಇನ್ನೂ ಮಾತಾಡೇ ಇಲ್ಲ. ಅವರ ಮಾತು ಶುರುವಾದ್ರೆ ನೀವು ಮುಗಿಸಿಬಿಡ್ತೀರಿ. ನಾನು ಇವರ ಮನೆಗೆ ಬಂದಾಗಿನಿಂದ ನೋಡ್ತಿದ್ದೀನಿ, ನಿಮ್ಮೆದುರಿಗೆ ಅವರು ಒಂದು ವಾಕ್ಯ ಪೂರ್ತಿ ಹೇಳಿದ್ದು ನಾನು ಕೇಳಿಲ್ಲ. ಅವರ ಅರ್ಧ ವಾದ ನಿಮ್ಮದೇ. ಮುಗಿಯೋದು ಹೆಂಗೆ?’

ನನಗೆ ಏನೋ ಹೇಳಬೇಕೆನ್ನಿಸಿತು. ಸಹಾಯ ಮಾಡುತ್ತಿದ್ದೆ ಎನ್ನಬೇಕೆನ್ನಿಸಿತು. ಬೀಗರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು. ಅವರು ‘ಇಲ್ಲಮ್ಮ, ಹಾಗೇನಿಲ್ಲ’ ಎನ್ನಲಿಲ್ಲ.

ನಾನು ಒಂದು ಖಾಲಿ ಕುಂಡವನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ‘ಹೇಳಿ ಬೀಗರೇ,’ ಎಂದೆ.

ಅವರು ಹೇಳಿದರು. ಬಹಳ ಹೊತ್ತು ಹಿಡಿಯಿತು. ಮಾತು ತಡೆದು ನಿಂತಾಗಲೆಲ್ಲ ನನ್ನ ನಾಲಿಗೆ ಬಾಯೊಳಗೆ ತಾನಾಗಿ ಮೇಲೇಳುತ್ತಿತ್ತು. ಯಾವ ಪದ ಬರುತ್ತಿದೆ ಎಂದು ನನಗೆ ಗೊತ್ತಿದೆ ಎಂದೇ ಅನ್ನಿಸುತ್ತಿತ್ತು. ಆದರೆ ಬಂದ ಪದ ಪ್ರತಿ ಸಲವೂ ಬೇರೆಯಾಗಿರುತ್ತಿತ್ತು. ಅದು ನನಗೆ ದೊಡ್ಡ ಆಶ್ಚರ್ಯ. ನಾನು ‘ಪೆಟ್ರೋಲು’ ಎಂದುಕೊಂಡಿದ್ದರೆ ಅವರದು ‘ಪುಕ್ಕಲು’. ನಾನು ‘ಬೇಸರ’ ಎಂದುಕೊಂಡರೆ ಅವರದು ‘ಬಾಲ್ಯ’.

ಅವರು ಹೇಳಿದ್ದನ್ನೆಲ್ಲ ಕೂಡಿಸಿದರೆ ಹೀಗಿತ್ತು. ಅಕ್ಕ ತಪ್ಪು ಮಾಡುತ್ತಾಳೆಂದು ಅವರಿಗೂ ಗೊತ್ತು. ಅವಳು ಗುಡ್ಡಕ್ಕೆ ಕಳಿಸಿದ್ದನ್ನು ಅವರು ಅಂಗಡಿಗೆ ತರುವ ಮೊದಲು ಮನೆಯಲ್ಲಿ ಮಗನ ಕಂಪ್ಯೂಟರಿನಲ್ಲಿ ಒಬ್ಬರೇ ಹಾರಿಸುವಾಗ ನಾಲ್ಕಾರು ಸಲ ಕಂಡಿದ್ದರು. ಆದರೆ ಅವಳು ಕಾಯುತ್ತಾಳೆ. ಒಂದು ಪದಕ್ಕೆ ಅವರು ಎಷ್ಟು ಹೊತ್ತು ತೆಗೆದುಕೊಂಡರೂ ಸುಮ್ಮನಿದ್ದು, ಅದು ಬಂದ ಮೇಲೆ ಉತ್ತರ ಕೊಡುತ್ತಾಳೆ. ಬಾಲ್ಯದಿಂದ ಹೀಗೆ ಕಾದವರು ಇಬ್ಬರೇ, ತೀರಿಹೋದ ಅವರ ದೊಡ್ಡಮ್ಮ, ಈಗ ಈ ಯಂತ್ರ. ‘ಗುಡ್ಡಕ್ಕೆ ತಗಲಿಸಿದ್ರೂ ಪರವಾಗಿಲ್ಲ ಬೀಗರೇ,’ ಎಂದರು. ‘ನಾನು ಹೇಳಿದ್ದನ್ನ ಪೂರ್ತಿ ಕೇಳಿದ ಮೇಲೆ ತಗಲಿಸ್ತಾಳೆ.’

ಆಮೇಲೆ ಇನ್ನೊಂದು ಹೇಳಿದರು. ಅದನ್ನು ಹೇಳುವಾಗ ಸೊಸೆಯ ಕಡೆ ನೋಡಲಿಲ್ಲ. ಬಾಗಿಲು ಮುಚ್ಚಿದ್ದು ಅವರಿಗೆ ಒಳಗೊಳಗೇ ಸಮಾಧಾನವಾಗಿತ್ತಂತೆ. ತೊಟ್ಟಿಲ ಮುಂದೆ, ಕೂಡಿದ ಜನರ ನಡುವೆ ಹೆಸರು ಕರೆಯಬೇಕು. ನೀಲಾ ಆರಿಸಿದ ಹೆಸರು ಪಾವನಿ. ಆ ಹೆಸರು ಗೊತ್ತಾದಾಗಿನಿಂದ ಅವರು ಗಿಡಗಳ ಮುಂದೆ ನಿಂತು ಹೇಳಿ ನೋಡುತ್ತಿದ್ದರು. ಗಿಡಗಳ ಮುಂದೆಯೂ ಬರುತ್ತಿರಲಿಲ್ಲ.

‘ಅಯ್ಯೋ, ಅಷ್ಟೇ ತಾನೆ! ಹೆಸರು ಬದಲಾಯಿಸಿದ್ರಾಯ್ತು,’ ಎಂದೆ ನಾನು. ‘ಅಕಾರದ್ದು ಯಾವುದಾದ್ರೂ ಇಡೋಣ. ಅನುಪಮಾ...’

‘ಬೇಡ,’ ಎಂದರು ಇಂದುಧರ. ಆ ಬಕಾರ ಎಲ್ಲೂ ನಿಲ್ಲದೆ ಬಂತು. ‘ನಂಗೋಸ್ಕರ ಮಗು ಹೆಸರು ಬದಲಾಯಿಸ್ಬೇಡಿ. ಅದೂ ನೀವು ನನ್ನ ಮಾತು ಮುಗಿಸಿದಂಗೇ.’

ಇಷ್ಟು ಖಾರವಾಗಿ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಕುಂಡದ ಮೇಲೆ ಕೂತ ನಾನು ಏನು ಮಾಡಿದೆ ಅಂತೀರಿ? ನಕ್ಕುಬಿಟ್ಟೆ. ಸಂತೋಷಕ್ಕೆ. ನೀಲಾ ನನಗೆ ಹುಚ್ಚು ಹಿಡಿಯಿತೆಂದುಕೊಂಡಳು.

‘ಬೀಗರೇ, ಈಗ ನನ್ನದು ಕೇಳಿ,’ ಎಂದೆ. ‘ಮೇಷ್ಟ್ರು ದಡ್ಡರು, ಗೊತ್ತು ನಂಗೆ. ಕೆರೆಗೆ ಬೀಳೋನನ್ನ ಪುನಃ ಹೇಳಿ ಅನ್ನೋರು ಬುದ್ಧಿವಂತರಾ? ಆದ್ರೆ ಈ ಊರಲ್ಲಿ ನಂಗೆ ಇಲ್ಲ ಅನ್ನೋರು ಅವರೊಬ್ಬರೇ. ಅಂಗಡೀಲಿ ತಪ್ಪು ಗಾಜು ಹಾಕಿದ್ರೂ ಹೌದು ಬಿಡಿ ಅಂತಾರೆ. ಮನೇಲಿ ಹೌದು ಬಿಡಿ. ಸಭೇಲಿ ಹೌದು ಬಿಡಿ. ಬಾಗಿಲಿಗೆ ಹೆದರಿ ಎಲ್ಲರೂ ನಂಗೆ ಹೌದು ಹೌದು ಅಂತ ಹೇಳಿ, ನಾನು ಮಾಡಿದ್ದು ಸರಿಯೋ ತಪ್ಪೋ ನಂಗೇ ಗೊತ್ತಿಲ್ಲ. ಮೇಷ್ಟ್ರು ಮಾತ್ರ ಇಲ್ಲ, ಇನ್ನೊಂದು ಸುತ್ತು ಹಾಕಿ ಬಾ ಅಂತಾರೆ. ಆ ಮಾತು ಕೇಳೋಕೇ ನಾನು ಬೇಕೂಂತ ತಪ್ಪು ದಾರೀಲಿ ಇಳಿಯೋಕೆ ಹೋಗ್ತಿದ್ದೆ. ಅಕ್ಕನೂ ಹೌದು ಬಿಡಿ ಅಂದಾಗ ಹೊಟ್ಟೆ ಉರಿದುಹೋಯ್ತು. ಈಗ ನೀವು ಬೇಡ ಅಂದ್ರಲ್ಲ, ಹಾಗೆ ಯಾರಾದ್ರೂ ಅಂದು ಎಷ್ಟು ಕಾಲ ಆಗಿತ್ತೋ.’

ಅವರು ಬಗ್ಗಿ ಕುಂಡವೊಂದರ ಒಣ ಎಲೆ ಕಿತ್ತರು. ಹನಿ ನೀರಾವರಿಯ ಕೊಳವೆ ಎಲ್ಲೋ ತೊಟ್ಟಿಕ್ಕುತ್ತಿತ್ತು. ನೀಲಾಳ ಮಡಿಲಲ್ಲಿ ಮಗು ಸೀನಿತು.

‘ಹಂಗಾದ್ರೆ ಎರಡೂ ಸರಿ ಇಲ್ಲ,’ ಎಂದರು ಕೊನೆಗೆ.

‘ಒಂದಕ್ಕೆ ಕಾಯೋಕೆ ಬರಲ್ಲ.’

‘ಇನ್ನೊಂದಕ್ಕೆ ಇಲ್ಲ ಅನ್ನೋಕೆ ಬರಲ್ಲ.’

‘ಬೀಗರೇ,’ ಎಂದೆ, ‘ನಿಮ್ಮ ವಿಮಾನಕ್ಕೆ ನಾನೇ ಟವರಾಗ್ತೀನಿ. ಅಂಗಡಿ ಮುಂಭಾಗದಲ್ಲಿ ಕೂತು ಮೈಕಲ್ಲಿ ಹೇಳ್ತೀನಿ. ನಿಮ್ಮ ಮಾತು ಬರೋ ತನಕ ಕಾಯ್ತೀನಿ. ಅಭ್ಯಾಸ ಆಗ್ಬೇಕು, ಮೊದಮೊದಲು ತಪ್ಪು ಮಾಡ್ತೀನಿ, ಆವಾಗ ಬೈಯಿರಿ.’

‘ನಿಮ್ಮ ವಿಮಾನಕ್ಕೆ ನಾನು. ನೀವು ಹೆದ್ದಾರಿ ಮೇಲೆ ಇಳಿಸ್ತೀನಿ ಅಂದ್ರೆ...’ ಅವರು ನಿಂತರು. ತುಟಿ ಕೂಡಿಕೊಂಡಿತು. ನಾನು ಮೊಣಕಾಲು ಹಿಡಿದುಕೊಂಡು ಕಾದೆ. ಬಲೆಯ ಮೇಲೆ ಗುಬ್ಬಿಯೊಂದು ಕೂತು, ಹಾರಿ, ಮತ್ತೆ ಕೂತಿತು. ‘...ಬ್... ಬೇಡ ಅಂತೀನಿ,’ ಎಂದರು.

ನಾವು ಇನ್ನೂ ಕೂತೆವು. ರನ್‌ವೇಗೆ ಎಷ್ಟು ದೂರವಿದ್ದಾಗ ಇಳಿಯಲು ಹೇಳಬೇಕು, ಗಾಳಿಯ ದಿಕ್ಕನ್ನು ಎಷ್ಟು ಸಲ ಹೇಳಬೇಕು, ಚೆನ್ನಾಗಿ ಹಾರಿಸುತ್ತಿದ್ದೀರಿ ಅನ್ನಬಹುದೋ ಬಾರದೋ. ಕೊನೆಯದರ ಮೇಲೆ ಸ್ವಲ್ಪ ಬಿಸಿಯಾಯಿತು. ಚೆನ್ನಾಗಿ ಹಾರಿಸಿದರೆ ಮಾತ್ರ ಅನ್ನಬಹುದು ಎಂದು ತೀರ್ಮಾನವಾಯಿತು. ನೀಲಾ ಮಗುವಿಗೆ ಹೊತ್ತಾಯಿತೆಂದು ಎದ್ದಳು. ನಮ್ಮಿಬ್ಬರಲ್ಲಿ ಯಾರ ಬಳಿಯೂ ಹೇಳಲು ಏನೂ ಉಳಿದಿರಲಿಲ್ಲ.

ಮನೆಯ ಮುಂದೆ ಬಂದಾಗ ಮಂಗಳ ಜಗಲಿಯ ಮೇಲೆ ನಿಂತಿದ್ದಳು. ನಾನು ಮುಂದೆ ಹೋಗಿ ಅಂಗೈ ಇಟ್ಟೆ. ನೂಕಲಿಲ್ಲ, ಇಟ್ಟೆ ಅಷ್ಟೆ. ಬಾಗಿಲು ತೆರೆದುಕೊಂಡಿತು. ಒಳಗಿಂದ ಸಾಂಬ್ರಾಣಿಯ, ಎಣ್ಣೆಯ, ಎಳೆಮಗುವಿನ ಬಟ್ಟೆಯ ವಾಸನೆ ಬಂತು. ಮಂಗಳ ನನ್ನ ತೋಳನ್ನು ಗಟ್ಟಿಯಾಗಿ ಚಿವುಟಿ, ‘ಇನ್ನೊಂದು ಸಲ ವಿಮಾನ ಅಂದ್ರೆ ನೋಡಿ’ ಎಂದಳು. ‘ನೋಡ್ತೀನಿ’ ಎಂದೆ. ಅವಳು ‘ಹೌದು ಬಿಡಿ’ ಎನ್ನುತ್ತಾಳೆಂದು ಕಾದೆ. ‘ಕೇಳಿಸ್ಕೊಂಡ್ರಾ ನಾನು ಹೇಳಿದ್ದು?’ ಎಂದಳು. ನಾವಿಬ್ಬರೂ ಅಲ್ಲೇ ಹೊಸ್ತಿಲ ಮೇಲೆ ನಿಂತು ಆ ವಾದವನ್ನು ಪೂರ್ತಿ ಮುಗಿಸಿಯೇ ಒಳಗೆ ಹೋದೆವು. ಗೆದ್ದವಳು ಅವಳು. ಭಾನುವಾರ ಮಧ್ಯಾಹ್ನದ ಹಾರಾಟ ಉಳಿಯಿತು, ಹಬ್ಬದ ದಿನದ್ದು ಹೋಯಿತು.

ಮರುದಿನ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾದ ಮುಗಿದದ್ದು ಹೇಗೆ ಎಂದು ತಿಳಿಯುವ ಆಸೆಯಿಂದ ಕರೆಯದವರೂ ಬಂದಿದ್ದರು. ಇಂದುಧರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನಮ್ಮ ಹೊಸ್ತಿಲನ್ನು ಬಲಗಾಲಿಟ್ಟು ದಾಟಿದರು. ನಾನು ಮೊಮ್ಮಗಳನ್ನು ಎತ್ತಿ ತೊಟ್ಟಿಲಿಗೆ ಹಾಕಿದೆ. ಅವಳು ಬೆಣ್ಣೆಯ ಮುದ್ದೆಯ ಹಾಗೆ ಬೆಚ್ಚಗಿದ್ದಳು. ಹೆಂಗಸರು ಸೋಬಾನೆ ನಿಲ್ಲಿಸಿದರು.

ಇಂದುಧರ ಅವರು ತೊಟ್ಟಿಲ ಅಂಚು ಹಿಡಿದು ಬಾಗಿದರು. ತುಟಿ ಕೂಡಿಕೊಂಡಿತು. ಕಣ್ಣು ಮುಚ್ಚಲಿಲ್ಲ, ಮಗುವನ್ನೇ ನೋಡುತ್ತಿದ್ದರು. ‘ಪ್...’ ಎಂದರು. ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಸಹಾಯಕ್ಕೆಂದು ಬಾಯಿ ತೆರೆದರು. ನಾನು ತಿರುಗಿ ಅವರನ್ನು ನೋಡಿದೆ. ಅವರು ಬಾಯಿ ಮುಚ್ಚಿದರು. ಇನ್ನಾರೂ ಅಲುಗಲಿಲ್ಲ. ನಮ್ಮೂರಿನ ಜನ ಒಬ್ಬ ಮನುಷ್ಯನ ಮಾತಿಗೆ ಅಷ್ಟು ಹೊತ್ತು ಕಾದದ್ದನ್ನು ನಾನು ಮೊದಲ ಸಲ ನೋಡಿದೆ. ‘ಪ್... ಪಾ...’ ಮಗು ಅಜ್ಜನ ತುಟಿಯನ್ನೇ ದಿಟ್ಟಿಸುತ್ತಿತ್ತು, ಅದಕ್ಕೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.

‘ಪಾವನಿ,’ ಎಂದರು ಇಂದುಧರ, ಇಡೀ ಮನೆಗೆ ಕೇಳುವಂತೆ.